ಮಳೆ ಸುದ್ದಿಗೆ ಇಷ್ಟೊಂದು ಜಾಗ ಯಾಕೆ? (ಟಿವಿ ನೋಡಿ ಮನೆಗೆ ಫೋನ್ ಮಾಡಿದ್ರೆ ಅವ್ವ ಕಂಬಳಿ ಒಣಗಿಸ್ತಿದ್ರು)

ಬಾಳೆಲೆಯವ

ಗುರುವಾರ ಬೆಂಗಳೂರಲ್ಲಿ ಆಫೀಸ್ ಕ್ಯಾಂಟೀನಲ್ಲಿ ಟಿವಿ ಓಡ್ತಿತ್ತು. ಪರದೆ ತುಂಬ ಕೆಂಪು ಅಕ್ಷರ, ‘ಕೊಡಗಿನಲ್ಲಿ ಜಲಪ್ರಳಯ’. ಪಕ್ಕದಲ್ಲಿ ಗಿರಗಿರ ಸುತ್ತೋ ಮೋಡ, ಹಿಂದೆ ಡಮರುಗದ ಸದ್ದು. ತಟ್ಟೆ ಅಲ್ಲೇ ಬಿಟ್ಟು ಮನೆಗೆ ಫೋನ್ ಮಾಡಿದೆ. ಅವ್ವ ಏದುಸಿರು ಬಿಡ್ತಾ ಎತ್ತಿದ್ರು. ನನ್ನ ಎದೆ ಧಸಕ್ ಅಂತು. ‘ಏನಾಯ್ತವ್ವ?’ ಅಂದ್ರೆ, ‘ಏನಾಗುತ್ತೆ? ನಾಲ್ಕು ದಿನ ಆದ್ಮೇಲೆ ಬಿಸಿಲು ಬಿದ್ದಿದೆ, ಕಂಬಳಿ ಎಲ್ಲ ಅಂಗಳಕ್ಕೆ ಹಾಕ್ತಿದ್ದೆ, ಬೇಗ ಹೇಳು’ ಅಂದ್ರು.

ನಿಜ, ಕೊಡಗಲ್ಲೇ ಆದ್ರೂ ನಮ್ಮೂರು ಬಾಳೆಲೆ ಕಡೆ ಮಳೆ ಕಮ್ಮಿ. ಭಾಗಮಂಡಲದಲ್ಲಿ ಸುರೀತಿದ್ದಿರಬಹುದು. ಆದ್ರೂ ಕೇಳ್ತೀನಿ: ಅರ್ಧ ಗಂಟೆ ವಾರ್ತೆಯಲ್ಲಿ ಹತ್ತು ನಿಮಿಷ ಮಳೆ, ಬೇಸಿಗೆಯಲ್ಲಿ ಅದೇ ಹತ್ತು ನಿಮಿಷ ಬಿಸಿಲು, ಡಿಸೆಂಬರಲ್ಲಿ ರಾಜಾಸೀಟಿನ ಮಂಜು. ಬೇರೆ ಸುದ್ದಿ ಸಿಗದೆ ಹೀಗೆ ಮಾಡ್ತಾರಾ? ಅಥವಾ ನಾವೇ ಅದನ್ನು ನೋಡ್ತೀವಿ ಅಂತಾನಾ?

ಕುಶಾಲನಗರ ಅಕ್ಕ

ಕಂಬಳಿ ಒಣಗ್ತಾ?

ಬಾಳೆಲೆಯವ

ಇಲ್ಲವಂತೆ ಅಕ್ಕ. ಅರ್ಧ ಗಂಟೇಲಿ ಮತ್ತೆ ಹನಿ ಶುರುವಾಯ್ತಂತೆ. ಹಾಗಂತ ಅದು ಪ್ರಳಯ ಅಲ್ವಲ್ಲ.

ಹಳೇ ವರದಿಗಾರ

ಹನ್ನೊಂದು ವರ್ಷ ಒಂದು ಚಾನೆಲ್‌ಗೆ ಜಿಲ್ಲೆಯಿಂದ ಸುದ್ದಿ ಕೊಟ್ಟವನು ನಾನು. ಹೆಸರು ಬೇಡ. ಒಳಗಿನ ಲೆಕ್ಕ ಹೇಳ್ತೀನಿ.

ರಾಜಕೀಯದ ಸುದ್ದಿ ಹಾಕಿದ್ರೆ ಒಬ್ಬರಿಗೆ ಸಿಟ್ಟು. ಜಾಗದ ಜಗಳ ಹಾಕಿದ್ರೆ ನೋಟಿಸ್. ಮಳೆ ಸುದ್ದಿ ಹಾಕಿದ್ರೆ ಮೋಡ ಬಂದು ಸ್ಪಷ್ಟನೆ ಕೇಳಲ್ಲ. ದಿನಾ ಹೊಸದು, ಖರ್ಚಿಲ್ಲ, ಬೆಳಗ್ಗೆ ಆಗೋ ಹೊತ್ತಿಗೆ ಜಿಲ್ಲಾಡಳಿತದಿಂದ ಅಂಕಿ ಬಂದಿರುತ್ತೆ. ಎಮ್ಮೆ ಮೇಯಿಸೋನಿಂದ ಮಿನಿಸ್ಟರ್‌ವರೆಗೆ ಎಲ್ಲರಿಗೂ ಬೇಕು. ಇಂಥ ಸರಕು ಬೇರೆ ಯಾವುದಿದೆ ಹೇಳಿ?

ತೊಂದರೆ ಶುರುವಾಗೋದು ‘ವಿಷುವಲ್ಸ್ ಇದ್ಯಾ?’ ಅನ್ನೋ ಫೋನಿಂದ. ಒಂದು ಜುಲೈಯಲ್ಲಿ ನಾನು ನಾಪೋಕ್ಲು, ಭಾಗಮಂಡಲ, ಶಾಂತಳ್ಳಿ ಎಲ್ಲ ಹೋಬಳಿ ಅಂಕಿ ಬರೆದು ಕಳಿಸಿದೆ. ಡೆಸ್ಕಿನವರು ‘ಅಂಕಿ ಯಾರು ನೋಡ್ತಾರೆ, ನೀರಲ್ಲಿ ನಿಂತು ಮಾತಾಡಿ’ ಅಂದ್ರು. ಆವತ್ತು ಎಲ್ಲೂ ರಸ್ತೆ ಮೇಲೆ ನೀರಿರಲಿಲ್ಲ. ಸಂಬಳದ ಪ್ರಶ್ನೆ. ನಾಟಿಗೆ ನೀರು ಕಟ್ಟಿದ್ದ ಒಂದು ಗದ್ದೆಗೆ ಇಳಿದು, ಪ್ಯಾಂಟ್ ಮಂಡಿವರೆಗೆ ಮಡಚಿ, ‘ನೋಡ್ತಿದ್ದೀರಿ ವೀಕ್ಷಕರೇ, ಎಲ್ಲಿ ನೋಡಿದರಲ್ಲಿ ನೀರು’ ಅಂದೆ. ಸುಳ್ಳೇನಲ್ಲ, ಜುಲೈಯಲ್ಲಿ ಗದ್ದೆ ತುಂಬ ನೀರೇ ಇರಬೇಕು! ಹಿಂದಿನಿಂದ ಗದ್ದೆ ಯಜಮಾನರು ‘ಏಯ್, ಸಸಿ ತುಳೀಬೇಡ ಮಾರಾಯ, ನಿನ್ನೆ ನೆಟ್ಟಿದ್ದು’ ಅಂತ ಕೂಗಿದ್ದು ಕೇಳಬಾರದು ಅಂತ ಆ ಭಾಗಕ್ಕೆ ಡಮರುಗ ಹಾಕಿದ್ರು. ಈಗಲೂ ಅವರು ಸಂತೆಯಲ್ಲಿ ಸಿಕ್ಕಿದ್ರೆ ನಾನು ಪಕ್ಕದ ಅಂಗಡಿಗೆ ಹೋಗ್ಬಿಡ್ತೀನಿ.

ಕಣದಂಚು (ಶಾಂತಳ್ಳಿ)

ನಗು ತಡೆಯೋಕಾಗ್ತಿಲ್ಲ. ಆದ್ರೆ ‘ಅಂಕಿ ಯಾರು ನೋಡ್ತಾರೆ’ ಅಂದವರು ಕೊಡಗಿನ ತೋಟದ ಮನೆಗೆ ಒಂದು ಬೆಳಗ್ಗೆ ಬಂದು ನೋಡಬೇಕಿತ್ತು.

ನಮ್ಮ ಮನೆಯಲ್ಲಿ ತಾತನ ಕಾಲದಿಂದ ಮಳೆ ಪುಸ್ತಕ ಇದೆ. ಉದ್ದ ಲೆಡ್ಜರು, ರಟ್ಟಿಗೆ ಗೆದ್ದಲು ಹಿಡಿದು ಒಂದು ಮೂಲೆ ಹೋಗಿದೆ. ಬೆಳಗ್ಗೆ ರೈಟರು (ತೋಟದ ಗುಮಾಸ್ತರು) ಆಳುಗಳ ಹಾಜರಿ ಹಾಕೋ ಮೊದಲು ಕಣದ ಪಕ್ಕ ಇರೋ ರೇನ್ ಗೇಜಿನ ಫನೆಲ್ ಎತ್ತಿ, ಒಳಗಿನ ನೀರನ್ನು ಗಾಜಿನ ಅಳತೆ ಜಾಡಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದ್ತಾರೆ. ಲೆಕ್ಕ ಇವತ್ತಿಗೂ ಇಂಚು, ಸೆಂಟ್ಸಲ್ಲೇ. ನೂರು ಸೆಂಟ್ಸಿಗೆ ಒಂದು ಇಂಚು, ಅಂದ್ರೆ 25.4 ಮಿ.ಮೀ. ಅಪ್ಪ ಹಾಸಿಗೆಯಿಂದಲೇ ‘ಎಷ್ಟು?’ ಅಂತಾರೆ. ‘ಎರಡು ನಲವತ್ತು’ ಅಂದ್ರೆ ಕಾಫಿ ಕುಡೀತಾರೆ. ‘ಆರು’ ಅಂದ್ರೆ ಕೊಡೆ ತಗೊಂಡು ಹೊರಡ್ತಾರೆ.

ಪುಸ್ತಕದಲ್ಲಿ ಅತಿ ದಪ್ಪ ಅಕ್ಷರ ಜುಲೈ ಪುಟದಲ್ಲಿಲ್ಲ. ಫೆಬ್ರವರಿ, ಮಾರ್ಚ್ ಪುಟದಲ್ಲಿದೆ. ಹೂಮಳೆ ಗೊತ್ತಿರೋರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ: ರೋಬಸ್ಟಾ ಕಾಫಿ ಗಿಡದಲ್ಲಿ ಮೊಗ್ಗು ಕೂತು ಮಳೆಗೆ ಕಾಯ್ತಿರುತ್ತೆ. ಆಗ ಒಂದು ಇಂಚು ಬಿತ್ತು ಅಂದ್ರೆ ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬಿಳಿ. ಹದಿನೈದು ಇಪ್ಪತ್ತು ಸೆಂಟ್ಸ್ ಉದುರಿ ನಿಂತ್ರೆ ಅರೆಬರೆ ಹೂ, ಫಸಲು ಹೋಯ್ತು. ಹೂ ಬಿರಿದ ದಿನವೇ ಮಳೆ ಬಂದ್ರೆ ಪರಾಗ ತೊಳೆದು ಹೋಗುತ್ತೆ. ಆಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದ್ರೆ ಎರಡನೇ ಮಳೆ ಬೇಕು, ಇಲ್ಲದಿದ್ರೆ ಕಚ್ಚಿದ ಕಾಯಿ ನಿಲ್ಲಲ್ಲ. ಕೆರೆ, ಸ್ಪ್ರಿಂಕ್ಲರ್ ಇದ್ದವರು ಹೇಗೋ ದಾಟ್ತಾರೆ, ಉಳಿದವರು ಆಕಾಶ ನೋಡಬೇಕು. ದೇಶದ ಕಾಫಿಯಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಬರೋದು ಈ ಪುಟ್ಟ ಜಿಲ್ಲೆಯಿಂದ. ಹೀಗಿರುವಾಗ ಮಾರ್ಚಲ್ಲಿ ಬಿದ್ದ ಒಂದು ಇಂಚು ಮುಖಪುಟದ ಸುದ್ದಿ ಆಗ್ಬೇಕೋ ಬೇಡ್ವೋ?

ಆಗಲ್ಲ. ಯಾಕಂದ್ರೆ ಯಾರೂ ಮುಳುಗಿರಲ್ಲ.

ಹೋಂಸ್ಟೇ ಮಡಿಕೇರಿ

ಕಣದಂಚು ಅಣ್ಣ, ನಿಮ್ಮ ಕೊನೇ ಸಾಲಿಗೆ ಕೈ ಮುಗಿದೆ.

ನಮ್ಮ ಕತೆ ಕೇಳಿ. ಕಳೆದ ವರ್ಷ ಶನಿವಾರ, ಭಾನುವಾರಕ್ಕೆ ಆರು ರೂಮೂ ಬುಕ್ ಆಗಿತ್ತು. ಶುಕ್ರವಾರ ಸಂಜೆ ಒಂದು ಗಂಟೆಯೊಳಗೆ ಐದು ಕ್ಯಾನ್ಸಲ್. ಏನಂತ ಕೇಳಿದ್ರೆ ಒಬ್ಬರು ವಿಡಿಯೋ ಕಳಿಸಿದ್ರು. ಬೆಟ್ಟದ ಅಂಚಿನ ಎರಡಂತಸ್ತಿನ ಮನೆ ಜಾರಿ ಬೀಳೋದು. ಅದು 2018ರದ್ದು! ಅದೇ ಮನೆ ಪ್ರತಿ ಮಳೆಗಾಲದಲ್ಲೂ ಒಂದೊಂದು ಸಲ ಬೀಳ್ತಾ ಇದೆ. ‘ಸರ್ ಅದು ಹಳೇದು’ ಅಂದ್ರೆ ‘ಇರ್ಲಿ ಬಿಡಿ, ಮಕ್ಕಳಿದ್ದಾರೆ’ ಅಂತಾರೆ. ಅವರದ್ದೂ ತಪ್ಪಲ್ಲ. ಆದ್ರೆ ಫ್ರಿಜ್ಜಲ್ಲಿ ಇಟ್ಟ ಹಂದಿ ಮಾಂಸ ಏನು ಮಾಡ್ಲಿ? ಮೂರು ದಿನ ನಾವೇ ಪಂದಿಕರಿ ತಿಂದ್ವಿ.

ಈ ಸುದ್ದಿಯವರಿಗೆ ಒಂದು ಕಾನೂನು ಬೇಕು. ಮಳೆ ಮಳೆ ಅಂತ ಕೂಗೋದನ್ನು ನಿಲ್ಲಿಸಿ ಜನರನ್ನು ಬದುಕಲು ಬಿಡಲಿ.

ಹಟ್ಟಿಹೊಳೆ

ಹೋಂಸ್ಟೇಯವರೇ, ಕೂಗೋದು ನಿಲ್ಲಿಸಲಿ ಅನ್ನೋದು ಸುಲಭ. ನಾನು ಆ 2018ರ ಆಗಸ್ಟಲ್ಲಿ ಊರಲ್ಲಿದ್ದವನು.

ಮೊದಲೇ ಹೇಳ್ತೀನಿ, ಅಷ್ಟು ದೊಡ್ಡ ಸುದ್ದಿ ಆದದ್ದು ನಮಗೆ ತಲುಪಲೇ ಇಲ್ಲ. ಕರೆಂಟ್ ಇಲ್ಲ, ಟವರ್ ಇಲ್ಲ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಅಂತ ದೇಶವೆಲ್ಲ ನೋಡ್ತಿದ್ದಾಗ ನಮ್ಮ ಮನೆಯಲ್ಲಿ ಎರಡು ಸೆಲ್ಲಿನ ರೇಡಿಯೋ, ಅದೂ ಗರಗರ. ನಮ್ಮ ಸುದ್ದಿ ನಮ್ಮನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು.

ನಾವು ಬದುಕಿದ್ದು ನಮ್ಮ ತಂದೆ ಕಿವಿಯಿಂದ. ವಾರದಿಂದ ಮನೆ ಹಿಂದಿನ ತೋಡು (ಸಣ್ಣ ಹಳ್ಳ) ಹಗಲು ರಾತ್ರಿ ಬೊಬ್ಬೆ ಹೊಡೀತಿತ್ತು. ಒಂದು ಮಧ್ಯಾಹ್ನ ಅದರ ಬಣ್ಣ ಕೆಂಪಾಯ್ತು, ಕಾವಿ ಮಣ್ಣು ಕಲಸಿದ ಹಾಗೆ. ಸಂಜೆ ಹೊತ್ತಿಗೆ ಸದ್ದು ಕಮ್ಮಿ ಆಯ್ತು. ಮಳೆ ಮಾತ್ರ ಹಾಗೇ ಇದೆ. ನಾವೆಲ್ಲ ‘ನೀರು ಇಳೀತು’ ಅಂತ ಖುಷಿಪಟ್ವಿ. ತಂದೆ ಎದ್ದು ‘ಮಳೆ ನಿಂತಿಲ್ಲ, ನೀರು ಯಾಕೆ ನಿಲ್ಲುತ್ತೆ? ಮೇಲೆಲ್ಲೋ ಗುಡ್ಡ ಕೂತು ಕಟ್ಟೆ ಕಟ್ಟಿದೆ, ನಡೀರಿ’ ಅಂದ್ರು. ಹಸು ಬಿಚ್ಚಿ ಬಿಟ್ಟು, ಪಾಸ್‌ಬುಕ್ಕು ಪ್ಲಾಸ್ಟಿಕ್ಕಲ್ಲಿ ಸುತ್ಕೊಂಡು ಮೇಲಿನ ದಾರಿ ಹಿಡಿದ್ವಿ. ರಾತ್ರಿ ಕೊಟ್ಟಿಗೆ ಇದ್ದ ಜಾಗ ಹೋಯ್ತು. ಮನೆ ಅರ್ಧ ಉಳೀತು. ಈಗಲೂ ಹಾಗೇ ಇದೆ, ಯಾರೂ ಇರಲ್ಲ.

ತೋಡಿನ ನೀರು ಇದ್ದಕ್ಕಿದ್ದಂತೆ ಕೆಸರಾಗೋದು, ಮಳೆ ಇದ್ದೂ ಹರಿವು ಕಮ್ಮಿ ಆಗೋದು, ಅಂಗಳದಲ್ಲಿ ಬಿರುಕು, ನೆಟ್ಟಗಿದ್ದ ಮರ ಓರೆ ಆಗೋದು, ಇಲ್ಲದ ಕಡೆ ಒರತೆ ಒಡೆಯೋದು. ಹತ್ತು ನಿಮಿಷದ ಮಳೆ ಸುದ್ದಿಯಲ್ಲಿ ಇದನ್ನು ಒಂದು ನಿಮಿಷ ಹೇಳಿದ್ರೆ ಸಾಕು. ಡಮರುಗ ಬೇಕಿದ್ರೆ ಹಾಕ್ಕೊಳ್ಳಲಿ.

ಹೋಂಸ್ಟೇ ಮಡಿಕೇರಿ

ತಪ್ಪಾಯ್ತು ಅಣ್ಣ. ಮಾಂಸದ ಮಾತು ಆಡಬಾರದಿತ್ತು. ಹೊಟ್ಟೆಪಾಡಿನ ಸಿಟ್ಟು.

ಹಟ್ಟಿಹೊಳೆ

ಅಯ್ಯೋ ಬಿಡಿ. ನಿಮ್ಮ ಕಡೆಯವರೇ ಅವತ್ತು ಪರಿಹಾರ ಕೇಂದ್ರಕ್ಕೆ ಚಪಾತಿ, ಸ್ವೆಟರು ತಂದಿದ್ದು. ಆ ನೀಲಿ ಸ್ವೆಟರು ಇನ್ನೂ ಹಾಕ್ತೀನಿ.

ಮೇಷ್ಟ್ರು ನಾಪೋಕ್ಲು

ಎಲ್ಲರೂ ದೊಡ್ಡ ದೊಡ್ಡ ಕಾರಣ ಹೇಳ್ತಿದ್ದೀರಿ. ಮಳೆ ಸುದ್ದಿಯ ನಿಜವಾದ ವೀಕ್ಷಕರು ಯಾರು ಗೊತ್ತಾ? ಐದರಿಂದ ಹತ್ತನೇ ಕ್ಲಾಸಿನವರು.

ಜೂನ್ ಮೂರನೇ ವಾರದಿಂದ ನಮ್ಮ ಮಕ್ಕಳಿಗೆ ಹವಾಮಾನ ಶಾಸ್ತ್ರ ಬಾಯಿಪಾಠ. ಪಾಠದಲ್ಲಿ ಸಮಭಾಜಕ ವೃತ್ತ ಎಲ್ಲಿದೆ ಅಂತ ಗೊತ್ತಿಲ್ಲ, ಅರಬ್ಬಿ ಸಮುದ್ರದ ವಾಯುಭಾರ ಕುಸಿತ ಎಲ್ಲಿದೆ ಅಂತ ಗೊತ್ತು. ರಾತ್ರಿ ಎಂಟಾದ್ಮೇಲೆ ಜಿಲ್ಲಾಧಿಕಾರಿಗಳು ರಜೆ ಕೊಟ್ರಾ ಅಂತ ಎಲ್ಲರ ಮನೆ ಫೋನೂ ಬಿಸಿ. ಒಮ್ಮೆ ಹಳೇ ಆದೇಶಕ್ಕೆ ಹೊಸ ತಾರೀಖು ಅಂಟಿಸಿ ಒಬ್ಬ ಮಹಾಶಯ ಗ್ರೂಪಿಗೆ ಬಿಟ್ಟ. ಮರುದಿನ ಶಾಲೆಗೆ ಬಂದಿದ್ದು ನಾನು, ಅಡುಗೆಯ ಅಕ್ಕ, ಒಂದು ನಾಯಿ. ಮಾಡಿದ್ದು ನಮ್ಮದೇ ಒಂಬತ್ತನೇ ಕ್ಲಾಸಿನ ಹುಡುಗ ಅಂತ ಆಮೇಲೆ ಗೊತ್ತಾಯ್ತು. ಅಕ್ಷರದ ಅಳತೆ ಕೂಡ ಸರಿಯಾಗಿ ಹೊಂದಿಸಿದ್ದ. ಬೈಯೋದೋ ಕಂಪ್ಯೂಟರ್ ಕ್ಲಾಸಿಗೆ ಸೇರಿಸೋದೋ ಗೊತ್ತಾಗಲಿಲ್ಲ.

ರಜೆ ಕೊಟ್ಟ ದಿನ ಬಿಸಿಲು ಬರುತ್ತೆ, ಅದು ಬೇರೆ ವಿಷಯ.

ಅಳತೆಗೋಲು

ಮೇಷ್ಟ್ರ ಕೊನೇ ಸಾಲು ಹಿಡ್ಕೊಂಡು ಸ್ವಲ್ಪ ಜಾಸ್ತಿ ಬರೀತೀನಿ, ಕ್ಷಮಿಸಿ. ಮಳೆ ಎಚ್ಚರಿಕೆಯ ಬಣ್ಣದ ವಿಚಾರದಲ್ಲಿ ತುಂಬ ಗೊಂದಲ ಇದೆ.

ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದ್ರೆ ‘ಭಾರೀ ಮಳೆ’, 115.6 ದಾಟಿದ್ರೆ ‘ಅತಿ ಭಾರೀ’, 204.5 ದಾಟಿದ್ರೆ ‘ಅತ್ಯಂತ ಭಾರೀ’. ದಿನ ಅಂದ್ರೆ ಬೆಳಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆ. ಹಳದಿ ಅಂದ್ರೆ ಗಮನ ಇಡಿ, ಕಿತ್ತಳೆ ಅಂದ್ರೆ ಸಿದ್ಧರಾಗಿ, ಕೆಂಪು ಅಂದ್ರೆ ಕೆಲಸಕ್ಕೆ ಇಳೀರಿ. ಈ ಬಣ್ಣ ಅಧಿಕಾರಿಗಳಿಗೂ ಜನರಿಗೂ ಏನು ಮಾಡಬೇಕು ಅಂತ ಹೇಳೋಕೆ. ಟಿವಿಯಲ್ಲಿ ಅದು ಆಕಾಶಕ್ಕೇ ಬಳಿದ ಬಣ್ಣದ ಹಾಗೆ ಕಾಣುತ್ತೆ.

ಇನ್ನೊಂದು, ಎಚ್ಚರಿಕೆ ಬರೋದು ಇಡೀ ಜಿಲ್ಲೆಗೆ. ನಮ್ಮ ಜಿಲ್ಲೆಯೋ, ಪಶ್ಚಿಮಕ್ಕೆ ಭಾಗಮಂಡಲ, ಪೂರ್ವಕ್ಕೆ ಕುಶಾಲನಗರ. ಗಾಳಿ ಘಟ್ಟ ಹತ್ತುವಾಗ ಮಳೆ ಅಲ್ಲೇ ಸುರಿದು ಬರಿದಾಗುತ್ತೆ, ಈಚೆಗೆ ಇಳಿಯೋ ಹೊತ್ತಿಗೆ ಹನಿ. ಅಲ್ಲಿ ಇನ್ನೂರು ಮಿ.ಮೀ. ಆದ ದಿನ ಇಲ್ಲಿ ಇಪ್ಪತ್ತಕ್ಕೆ ನಿಲ್ಲೋದು ಉಂಟು. ಬಣ್ಣ ಮಾತ್ರ ಇಬ್ಬರಿಗೂ ಒಂದೇ. ಬಾಳೆಲೆಯವರ ಅವ್ವ ಕಂಬಳಿ ಒಣಗಿಸಿದ್ರಲ್ಲಿ ಆಶ್ಚರ್ಯ ಇಲ್ಲ, ಇಲಾಖೆ ತಪ್ಪು ಹೇಳಿತ್ತು ಅಂತಲೂ ಅಲ್ಲ.

ಮಿ.ಮೀ. ಅಂದ್ರೆ ಜನರಿಗೆ ಕಣ್ಣಿಗೆ ಕಟ್ಟಲ್ಲ ಅಂತಾರಲ್ಲ, ಹೀಗೆ ನೋಡಿ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ಮಳೆ ಅಂದ್ರೆ ಒಂದು ಲೀಟರ್ ನೀರು. ಇನ್ನೂರು ಮಿ.ಮೀ. ಬಿದ್ರೆ ಒಂದು ಎಕರೆ ಮೇಲೆ 8 ಲಕ್ಷ ಲೀಟರ್. ಒಂದೇ ದಿನದಲ್ಲಿ. ಇಳಿಜಾರು ತೋಟದ ಮಣ್ಣು ಅದನ್ನು ಹೊತ್ಕೊಂಡು ನಿಲ್ಲಬೇಕು.

ಆಕಾಶವಾಣಿಯ ‘ಒಂದೆರಡು ಕಡೆ’, ‘ಕೆಲವೆಡೆ’, ‘ಹಲವೆಡೆ’, ‘ಬಹುತೇಕ ಕಡೆ’ ಅನ್ನೋ ಮಾತಿಗೆ ನಾವು ಚಿಕ್ಕವರಿದ್ದಾಗ ನಗ್ತಿದ್ವಿ. ಎಲ್ಲಿ ಬಂದ್ರೂ ಸರಿಹೋಗೋ ಭವಿಷ್ಯ ಅಂತ. ಅದಕ್ಕೂ ಅಳತೆ ಇದೆ. ‘ಒಂದೆರಡು ಕಡೆ’ ಅಂದ್ರೆ ಮಳೆಮಾಪಕಗಳಲ್ಲಿ ಕಾಲು ಭಾಗ ಅಥವಾ ಅದಕ್ಕೂ ಕಮ್ಮಿ ಕಡೆ ಮಳೆ. ‘ಬಹುತೇಕ ಕಡೆ’ ಅಂದ್ರೆ ಮುಕ್ಕಾಲಿಗಿಂತ ಹೆಚ್ಚು. ಅಷ್ಟು ನಿಖರವಾದ ಮಾತನ್ನು ಅಷ್ಟು ಸಪ್ಪೆಯಾಗಿ ಹೇಳ್ತಿದ್ರು. ನನಗೆ ಆ ಸಪ್ಪೆಯೇ ಇಷ್ಟ.

ಕಣದಂಚು (ಶಾಂತಳ್ಳಿ)

ಸಪ್ಪೆ ಅಂದ್ರಿ ನೋಡಿ, ಅದೇ. ನಮ್ಮಲ್ಲಿ ಪತ್ರಿಕೆ ಬಂದ ಕೂಡಲೇ ಅಪ್ಪ ತೆಗೆಯೋದು ಮಳೆ ವಿವರ. ಸಂಪಾಜೆ ಇಷ್ಟು, ಹುದಿಕೇರಿ ಇಷ್ಟು, ಶ್ರೀಮಂಗಲ ಇಷ್ಟು, ಕೊಡ್ಲಿಪೇಟೆ ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. ಹಾರಂಗಿ ಅಣೆಕಟ್ಟು ಗರಿಷ್ಠ 2,859 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು. ನಮ್ಮ ಗೇಜಿಗೂ ಪತ್ರಿಕೆಗೂ ಹತ್ತು ಸೆಂಟ್ಸ್ ವ್ಯತ್ಯಾಸ ಬಂದ್ರೆ ‘ಅವರ ಗೇಜ್ ಮರದ ಕೆಳಗಿದೆ’ ಅಂತ ತೀರ್ಪು. ನಮ್ಮದು ತಪ್ಪಿರಬಹುದು ಅನ್ನೋ ಮಾತು ಈ ಮನೆಯಲ್ಲಿ ಇದುವರೆಗೆ ಬಂದಿಲ್ಲ.

ಕುಶಾಲನಗರ ಅಕ್ಕ

ಆ ಹಾರಂಗಿ ಸಾಲು ನಿಮಗೆ ಓದೋಕೆ, ನಮಗೆ ಮಲಗೋಕೆ. 2018, 2019 ಎರಡು ವರ್ಷವೂ ನಮ್ಮ ಬಡಾವಣೆಗೆ ನೀರು ಬಂತು. ಅವತ್ತು ಕುಶಾಲನಗರದಲ್ಲಿ ಅಂಥಾ ಮಳೆ ಏನೂ ಇರಲಿಲ್ಲ, ನೆನಪಿಡಿ. ಮೇಲೆ ಬಿದ್ದಿದ್ದು ಕೆಳಗೆ ಬಂದಿದ್ದು. ಹೊರಹರಿವು ಜಾಸ್ತಿ ಮಾಡಿದ್ರು ಅಂತ ಕೇಳಿದ್ರೆ ನಾನು ಮೊದಲು ಅಕ್ಕಿ ಡಬ್ಬ ಅಟ್ಟಕ್ಕೆ ಏರಿಸ್ತೀನಿ, ಆಮೇಲೆ ಮನೆಯವರಿಗೆ ಹೇಳ್ತೀನಿ.

ಮಂಡ್ಯದ ಗದ್ದೆ

ಹೊರಗಿನವನು ಬಾಯಿ ಹಾಕಬಹುದಾ? ನಿಮ್ಮ ಮಳೆ ನಮ್ಮೂರ ಹೋಟೆಲ್ ಮಾತು ಕಣ್ರಪ್ಪಾ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಮುಳುಗ್ತು ಅಂತ ಟಿವಿಲಿ ಬಂದ್ರೆ ನಿಮಗೆ ರಸ್ತೆ ಹೋಯ್ತು ಅನ್ನೋ ಸಂಕಟ, ನಮಗೆ ಒಟ್ಲು (ಭತ್ತದ ಸಸಿಮಡಿ) ಹಾಕ್ಬೋದು ಅನ್ನೋ ಸಮಾಧಾನ. ಹೇಳೋಕೆ ನಾಚಿಕೆ ಆಗುತ್ತೆ, ಆದ್ರೆ ಅದೇ ನಿಜ. ಕೆಆರ್‌ಎಸ್ ಕಟ್ಟೆ 124.80 ಅಡಿ ಮುಟ್ಟೋವರೆಗೂ ದಿನಾ ಬೆಳಗ್ಗೆ ಟೀ ಜತೆ ಅದೇ ಲೆಕ್ಕ. 2023ರಲ್ಲಿ ನಿಮ್ಮಲ್ಲಿ ಮಳೆ ಕೈಕೊಡ್ತು, ಸೆಪ್ಟೆಂಬರಲ್ಲಿ ಇಲ್ಲಿ ಬಂದ್, ಧರಣಿ, ತಮಿಳುನಾಡಿಗೆ ನೀರು ಬಿಡೋ ಗಲಾಟೆ. 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿ ಮುಖ್ಯಮಂತ್ರಿ ಬಾಗಿನ ಬಿಟ್ರು. ಹಾಗಾಗಿ ಹವಾಮಾನ ಅನ್ನೋದು ಬೇರೆ, ರಾಜಕೀಯ ಅನ್ನೋದು ಬೇರೆ ಅಂತ ಯಾರಾದ್ರೂ ಹೇಳಿದ್ರೆ ನಮ್ಮೂರಿಗೆ ಕಳ್ಸಿ.

ಬೆಂಗಳೂರಿನೋರೂ ಕುಡಿಯೋದು ಇದೇ ನೀರು, ಅವರಿಗೆ ನಲ್ಲಿ ನಿಂತಾಗ ಮಾತ್ರ ನೆನಪಾಗುತ್ತೆ.

ಬಾಳೆಲೆಯವ

ಒಪ್ಪಿದೆ ಅಣ್ಣ, ನಮಗೂ ಒಂದು ಏಟು ಬಿತ್ತು.

ಹಳೇ ವರದಿಗಾರ ಸರ್, ಒಂದು ಪ್ರಶ್ನೆ. ಪತ್ರಿಕೆಗಳು ಹವಾಮಾನ ಹಾಕೋಕೆ ಶುರು ಮಾಡಿದ್ದು ಯಾವಾಗ? ಇದೂ ಟಿವಿ ಕಾಲದ ಚಟವಾ?

ಹಳೇ ವರದಿಗಾರ

ಟಿವಿಗಿಂತ ನೂರು ವರ್ಷ ಹಳೇದು. ಇಂಗ್ಲೆಂಡಿನಲ್ಲಿ 1859ರಲ್ಲಿ ರಾಯಲ್ ಚಾರ್ಟರ್ ಅನ್ನೋ ಹಡಗು ಬಿರುಗಾಳಿಗೆ ಸಿಕ್ಕಿ ನೂರಾರು ಜನ ಸತ್ತರು. ಫಿಟ್ಜ್‌ರಾಯ್ ಅನ್ನೋ ನೌಕಾಧಿಕಾರಿ ಬಂದರುಗಳಿಂದ ತಂತಿ ಮೂಲಕ ಗಾಳಿ, ಒತ್ತಡದ ಅಂಕಿ ತರಿಸಿ ಎಚ್ಚರಿಕೆ ಕೊಡೋಕೆ ಶುರು ಮಾಡಿದ. 1861ರ ಆಗಸ್ಟಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಅವನ ಮುನ್ಸೂಚನೆ ಅಚ್ಚು ಹಾಕ್ತು. ಭವಿಷ್ಯ ತಪ್ಪಿದ ದಿನ ಜನ ಆಗಲೂ ಅವನನ್ನು ಆಡ್ಕೊಂಡು ನಕ್ಕರು.

ನಮ್ಮಲ್ಲಿ 1864ರಲ್ಲಿ ಕಲ್ಕತ್ತಾಗೆ ಚಂಡಮಾರುತ ಬಡೀತು, 1866ರಲ್ಲೂ 1871ರಲ್ಲೂ ಮುಂಗಾರು ಕೈಕೊಡ್ತು. ಅದಾದ್ಮೇಲೆ 1875ರಲ್ಲಿ ಹವಾಮಾನ ಇಲಾಖೆ ಆಯ್ತು. ಅಂದ್ರೆ ಎರಡೂ ಕಡೆ ಸುದ್ದಿಗೆ ಮೊದಲು ಸಾವು ಬಂದಿದೆ. ಗದ್ದೆಯಲ್ಲಿ ನಿಂತು ಕೂಗೋ ನನ್ನಂಥವರು ಬಂದಿದ್ದು ಬಹಳ ಆಮೇಲೆ.

ಮೇಷ್ಟ್ರು ನಾಪೋಕ್ಲು

ಅದಕ್ಕೂ ಮೊದಲು ನಮ್ಮ ಹಿರಿಯರದ್ದು ಮಳೆ ನಕ್ಷತ್ರ. ‘ಆರಿದ್ರಾ ಮಳೆ ಆರದೆ ಹೊಯ್ಯುತ್ತೆ’ ಅಂತ ನಮ್ಮಜ್ಜಿ ಹೇಳಿದ್ರೆ ಅದಕ್ಕೆ ಯಾವ ಬಣ್ಣವೂ ಬೇಕಿರಲಿಲ್ಲ. ಈಚೆಗೆ ಆರಿದ್ರಾ ಆರಿಕೊಂಡೇ ಹೋಗುತ್ತೆ, ಆಶ್ಲೇಷ ಬಂದು ಬಡಿಯುತ್ತೆ. 2018, 2019, 2020 ಮೂರೂ ಸಲ ಅನಾಹುತ ಆಗಿದ್ದು ಆಗಸ್ಟಲ್ಲಿ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆ ಹೋದದ್ದು ನೆನೆದ್ರೆ ಈಗಲೂ ಮೈ ಜುಮ್ ಅನ್ನುತ್ತೆ. ಕಕ್ಕಡ (ನಮ್ಮ ಆಟಿ ತಿಂಗಳು) ಬಂತು ಅಂದ್ರೆ ಮದ್ದುಸೊಪ್ಪಿನ ಪಾಯಸದ ಆಸೆ ಇರ್ತಿತ್ತು, ಈಗ ಪಾಯಸದ ಜೊತೆ ಒಂದು ಕಿವಿ ಹೊರಗೆ.

ಹಟ್ಟಿಹೊಳೆ

ಅಳತೆಗೋಲು ಅವರೇ, ಒಂದು ಕೇಳ್ತೀನಿ. ದಿನಾ ಕೆಂಪು, ಕಿತ್ತಳೆ ನೋಡಿ ನೋಡಿ ನಮ್ಮ ಪಕ್ಕದ ಹುಡುಗರು ಈಗ ತಲೆನೇ ಎತ್ತಲ್ಲ. ‘ಇದ್ದಿದ್ದೇ ಬಿಡಿ’ ಅಂತಾರೆ. ನನಗೆ ಭಯ ಅದರದ್ದು. ಏನು ಮಾಡೋದು?

ಅಳತೆಗೋಲು

ಪೂರ್ತಿ ಉತ್ತರ ನನ್ನ ಹತ್ರ ಇಲ್ಲ ಅಣ್ಣ. ಒಂದು ಮಾತು ಹೇಳಬಲ್ಲೆ. ಒಂದು ದಿನದ ಅಂಕಿಗಿಂತ ಸಾಲು ದಿನಗಳ ಅಂಕಿ ನೋಡಬೇಕು. ಒಣ ಮಣ್ಣಿನ ಮೇಲೆ ಬಿದ್ದ ನೂರೈವತ್ತು ಬೇರೆ, ಹತ್ತು ದಿನ ನೆನೆದ ಗುಡ್ಡದ ಮೇಲೆ ಬಿದ್ದ ನೂರೈವತ್ತು ಬೇರೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ, ಅಂಕಿ ಸಿಗುತ್ತೆ. ಕಣದಂಚು ಅವರಂಥ ಮನೆಗಳಲ್ಲಿ ಪುಸ್ತಕವೇ ಇದೆ. ಮೇಲಿನ ತೋಟದವರು ಬೆಳಗ್ಗೆ ಓದಿದ ಅಂಕಿಯನ್ನು ಕೆಳಗಿನ ಮನೆಯವರಿಗೆ ಒಂದು ಮೆಸೇಜ್ ಹಾಕಿದ್ರೆ, ಟಿವಿ ಕಾಯೋ ಅಗತ್ಯ ಅರ್ಧ ಇರಲ್ಲ.

ಕಣದಂಚು (ಶಾಂತಳ್ಳಿ)

ಹಾಕ್ತೀನಿ. ನಮ್ಮ ತೋಡು ಕೆಳಗೆ ನಾಲ್ಕು ಮನೆ ದಾಟಿ ಹೋಗುತ್ತೆ, ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಇಂಚಲ್ಲಿ ಕಳಿಸ್ಲಾ, ಮಿ.ಮೀ.ನಲ್ಲಾ?

ಹಟ್ಟಿಹೊಳೆ

ಇಂಚಲ್ಲೇ ಹಾಕಿ. ಮಿ.ಮೀ. ಅಂದ್ರೆ ನಮ್ಮ ತಂದೆ ‘ಅದು ಮೀಟರ್ ಬಟ್ಟೆಯಾ’ ಅಂತಾರೆ.

ಬಾಳೆಲೆಯವ

ಈಗಷ್ಟೇ ಆಗಿದ್ದು, ಹೇಳದೆ ಇರೋಕಾಗ್ತಿಲ್ಲ. ಅವ್ವನ ಫೋನ್. ಅವರಾಗಿ ಹಗಲು ಹೊತ್ತು ಮಾಡೋದೇ ಇಲ್ಲ. ಗಾಬರಿಯಾಗಿ ಎತ್ತಿದೆ. ‘ಬೆಂಗಳೂರೆಲ್ಲ ಮುಳುಗೋಗಿದೆ ಅಂತಲ್ಲ, ಕಾರು ತೇಲೋದು ತೋರಿಸ್ತಿದ್ದಾರೆ, ನೀನು ಎಲ್ಲಿದ್ದೀಯ?’ ಅಂದ್ರು. ನಾನು ಆರನೇ ಮಹಡಿಯಲ್ಲಿ ಕೂತು ಇದನ್ನು ಟೈಪ್ ಮಾಡ್ತಿದ್ದೆ. ಹೊರಗೆ ಒಂದು ಹನಿ ಇಲ್ಲ. ‘ಅವ್ವ, ಅದು ಹಳೇ ವಿಡಿಯೋ ಇರಬೇಕು’ ಅಂದೆ. ನಂಬಲಿಲ್ಲ. ‘ಕೊಡೆ ಇದ್ಯಾ?’ ಅಂದ್ರು.

ಕುಶಾಲನಗರ ಅಕ್ಕ

ಇದ್ಯಾ?

ಬಾಳೆಲೆಯವ

ಬಾಳೆಲೆಯಲ್ಲೇ ಬಿಟ್ಟು ಬಂದಿದ್ದೀನಿ ಅಕ್ಕ.